ಐಸಿಯು ರೋಗಿಯ ಶುಗರ್ 140ರಿಂದ 180ರ ನಡುವೆ ಏಕಿರಬೇಕು

ಮನೆಯಲ್ಲಿ ಬೆಳಗ್ಗೆ ಖಾಲಿ ಹೊಟ್ಟೆಯ ಶುಗರ್ 170 ಬಂದರೆ, ಮಾತ್ರೆ ಸಾಲುತ್ತಿಲ್ಲ ಎಂದು ಡಾಕ್ಟರ್ ಬಳಿ ಹೋಗುತ್ತೇವೆ. ಅದೇ ಮನುಷ್ಯ ನ್ಯುಮೋನಿಯಾ ಬಂದು ವೆಂಟಿಲೇಟರ್ ಮೇಲಿದ್ದಾಗ 170 ಬಂದರೆ, ನರ್ಸ್ ಅದನ್ನು ಚಾರ್ಟಿನಲ್ಲಿ ಬರೆದುಕೊಂಡು, ಇನ್ಸುಲಿನ್ ಪಂಪನ್ನು ಮುಟ್ಟದೆ ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಹೊರಗೆ ಕಾದು ಕುಳಿತ ಮನೆಯವರಿಗೆ ಇದು ಉದಾಸೀನದಂತೆ ಕಾಣುತ್ತದೆ. ಆದರೆ ಆ ಹೊತ್ತಿಗೆ ಪಂಪನ್ನು ಮುಟ್ಟದಿರುವುದೇ ಸರಿಯಾದ ಚಿಕಿತ್ಸೆ. ಅದು ಏಕೆ ಸರಿ, ಆ 170ನ್ನು 170ರಲ್ಲೇ ನಿಲ್ಲಿಸಲು ಎಷ್ಟು ಕೆಲಸ ನಡೆಯುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ. (ಇಲ್ಲಿ ಬರುವ ಶುಗರ್ ಅಂಕಿಗಳೆಲ್ಲ ಪ್ರತಿ ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದವು. ಮಿಲಿಮೋಲ್ ಲೆಕ್ಕ ಬಳಸುವ ಕಡೆ ಇವನ್ನು 18ರಿಂದ ಭಾಗಿಸಿಕೊಳ್ಳಿ. 180 ಅಂದರೆ 10.)

ಊಟವಿಲ್ಲದೆ ಏರುವ ಶುಗರ್

ಮೂರು ದಿನದಿಂದ ಬಾಯಿಗೆ ಏನೂ ಹಾಕಿಲ್ಲ, ಆದರೂ ಶುಗರ್ 280 ಹೇಗೆ ಬಂತು? ಮನೆಯವರು ಕೇಳುವ ಮೊದಲ ಪ್ರಶ್ನೆ ಬಹುತೇಕ ಇದೇ. ಉತ್ತರ ಲಿವರ್‌ನಲ್ಲಿದೆ. ಸೋಂಕು, ಪೆಟ್ಟು, ದೊಡ್ಡ ಆಪರೇಷನ್, ಹೃದಯಾಘಾತ, ಇಂಥದ್ದು ಏನಾದರೂ ಮೈಮೇಲೆ ಬಿದ್ದಾಗ ಕಾರ್ಟಿಸಾಲ್, ಅಡ್ರಿನಲಿನ್, ಗ್ಲುಕಗಾನ್ ಹಾರ್ಮೋನುಗಳು ಏರುತ್ತವೆ. ಅವು ಲಿವರ್‌ಗೆ ಕೊಡುವ ಆಜ್ಞೆ ಒಂದೇ: ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡು. ಸ್ನಾಯು ಕರಗಿ ಬಂದ ಅಮೈನೋ ಆಮ್ಲ, ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಮ್ಲ), ಕೊಬ್ಬಿನಿಂದ ಬಂದ ಗ್ಲಿಸರಾಲ್, ಇವನ್ನೆಲ್ಲ ಲಿವರ್ ಗ್ಲೂಕೋಸ್ ಮಾಡುತ್ತಲೇ ಇರುತ್ತದೆ. ಮಾಮೂಲಿ ದಿನಗಳಲ್ಲಿ ಇನ್ಸುಲಿನ್ ಬಂದ ಕೂಡಲೇ ಈ ತಯಾರಿಕೆ ನಿಲ್ಲುತ್ತದೆ. ಈಗ ಇನ್ಸುಲಿನ್ ಬಂದರೂ ಲಿವರ್ ಕೇಳುವುದಿಲ್ಲ, ಸ್ನಾಯುಗಳೂ ಗ್ಲೂಕೋಸನ್ನು ಮೊದಲಿನಷ್ಟು ಒಳಗೆ ಎಳೆದುಕೊಳ್ಳುವುದಿಲ್ಲ. ಮಧುಮೇಹವಿಲ್ಲದವರ ಮೇದೋಜೀರಕ ಗ್ರಂಥಿ ಇನ್ಸುಲಿನ್ ಹೆಚ್ಚಿಸಿ ಸ್ವಲ್ಪ ಮಟ್ಟಿಗೆ ಸರಿದೂಗಿಸುತ್ತದೆ. ಮಧುಮೇಹಿಯಲ್ಲಿ ಆ ಶಕ್ತಿ ಮೊದಲೇ ಕುಂದಿರುತ್ತದೆ.

ಇದರ ಮೇಲೆ ಆಸ್ಪತ್ರೆಯೇ ಸೇರಿಸುವ ಸಕ್ಕರೆ ಇದೆ. ಬಿಪಿ ಎತ್ತಿಹಿಡಿಯಲು ಕೊಡುವ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಶುಗರ್ ಏರಿಸುತ್ತವೆ. ಸೆಪ್ಟಿಕ್ ಶಾಕ್‌ನಲ್ಲಿ (ಸೋಂಕಿನಿಂದ ಬಿಪಿ ಕುಸಿದ ಸ್ಥಿತಿ) ದಿನಕ್ಕೆ 200 ಮಿ.ಗ್ರಾಂ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ. ಅದನ್ನು 6 ಗಂಟೆಗೊಮ್ಮೆ 50 ಮಿ.ಗ್ರಾಂನಂತೆ ಒಮ್ಮೆಲೇ ಕೊಟ್ಟಾಗ ಪ್ರತಿ ಡೋಸ್ ನಂತರವೂ ಶುಗರ್ ಒಂದು ಅಲೆಯಂತೆ ಎದ್ದು ಇಳಿಯುತ್ತದೆ. ಇನ್ನೊಂದು ಮೂಲ ಯಾರ ಕಣ್ಣಿಗೂ ಬೀಳದ್ದು: ಔಷಧ ಬೆರೆಸುವ ದ್ರವ. ಐದು ಔಷಧಗಳನ್ನು ತಲಾ 100 ಮಿ.ಲೀ. 5% ಡೆಕ್ಸ್‌ಟ್ರೋಸ್‌ನಲ್ಲಿ (ಗ್ಲೂಕೋಸ್ ದ್ರವ) ಬೆರೆಸಿ ದಿನಕ್ಕೆ ಮೂರು ಸಲ ಕೊಟ್ಟರೆ ಒಂದೂವರೆ ಲೀಟರ್ ದ್ರವದ ಜೊತೆ 75 ಗ್ರಾಂ ಗ್ಲೂಕೋಸ್ ಒಳಗೆ ಹೋಗಿರುತ್ತದೆ. ಶುಗರ್ ಕಾರಣವಿಲ್ಲದೆ ಏರಿದಂತೆ ಕಂಡಾಗ ಇನ್ಸುಲಿನ್ ಹೆಚ್ಚಿಸುವ ಮೊದಲು ಮಂಚದ ಪಕ್ಕ ತೂಗುತ್ತಿರುವ ಚೀಲಗಳ ಲೇಬಲ್ ಓದಬೇಕು. ಅಮಿಯೋಡರೋನ್‌ನಂಥ ಕೆಲವನ್ನು ಡೆಕ್ಸ್‌ಟ್ರೋಸ್‌ನಲ್ಲೇ ಕೊಡಬೇಕು; ಉಳಿದ ಹಲವನ್ನು ಸಲೈನ್‌ಗೆ ಬದಲಿಸಬಹುದು.

ಶುಗರ್ 180ರ ಆಸುಪಾಸು ದಾಟಿದರೆ ಕಿಡ್ನಿ ಗ್ಲೂಕೋಸನ್ನು ಹಿಡಿದಿಡಲಾರದೆ ಮೂತ್ರಕ್ಕೆ ಬಿಡುತ್ತದೆ, ಅದರ ಬೆನ್ನಿಗೆ ನೀರೂ ಉಪ್ಪೂ ಹೋಗುತ್ತವೆ. ಬಿಪಿ ಬಿದ್ದಿರುವ ರೋಗಿಯಲ್ಲಿ ಮೂತ್ರ ಚೆನ್ನಾಗಿ ಬರುತ್ತಿದೆ ಎಂದು ಸಮಾಧಾನಪಟ್ಟುಕೊಂಡರೆ ಮೋಸ ಹೋದಂತೆ: ಕಿಡ್ನಿ ಚೇತರಿಸಿಕೊಂಡಿಲ್ಲ, ಮೈ ಒಣಗುತ್ತಿದೆ. ಬಿಳಿ ರಕ್ತಕಣಗಳು ಸೋಂಕಿನ ವಿರುದ್ಧ ಮಂಕಾಗುತ್ತವೆ, ಗಾಯ ಮಾಯುವುದು ತಡವಾಗುತ್ತದೆ. ಹಾಗಾಗಿ ಶುಗರನ್ನು ಏರಲು ಬಿಡುವಂತಿಲ್ಲ. ಹಾಗಾದರೆ ಎಷ್ಟಕ್ಕೆ ಇಳಿಸಬೇಕು?

80–110ರ ಗುರಿ ಬಂದದ್ದು, ಹೋದದ್ದು

2001ರಲ್ಲಿ ಬೆಲ್ಜಿಯಂನ ಲುವೆನ್ ನಗರದಿಂದ ಬಂದ ಅಧ್ಯಯನವೊಂದು ಜಗತ್ತಿನ ಐಸಿಯುಗಳನ್ನೇ ಬದಲಿಸಿತು. ಗ್ರೀಟ್ ವಾನ್ ಡೆನ್ ಬರ್ಗ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸಾ ಐಸಿಯುನ 1,548 ರೋಗಿಗಳಲ್ಲಿ ಒಂದು ಗುಂಪಿನ ಶುಗರನ್ನು 80ರಿಂದ 110ರೊಳಗೆ, ಇನ್ನೊಂದು ಗುಂಪಿನದನ್ನು 180ರಿಂದ 200ರಲ್ಲಿ ಇಟ್ಟರು. ಐಸಿಯುನಲ್ಲಿ ಸಾವಿನ ಪ್ರಮಾಣ ಮೊದಲ ಗುಂಪಿನಲ್ಲಿ 4.6%, ಎರಡನೆಯದರಲ್ಲಿ 8%. ಇಷ್ಟು ದೊಡ್ಡ ಅಂತರ ಕೊಡುವ ಚಿಕಿತ್ಸೆ ಐಸಿಯುನಲ್ಲಿ ಅಪರೂಪ. ಎಲ್ಲ ಕಡೆ 80–110 ಗುರಿಯಾಯಿತು.

ಆದರೆ ಅದೇ ತಂಡ 2006ರಲ್ಲಿ ಮೆಡಿಕಲ್ ಐಸಿಯುನ 1,200 ರೋಗಿಗಳಲ್ಲಿ ಮಾಡಿ ನೋಡಿದಾಗ ಒಟ್ಟಾರೆ ಸಾವು ಕಡಿಮೆಯಾಗಲಿಲ್ಲ. ಜರ್ಮನಿಯ ವಿಸೆಪ್ ಅಧ್ಯಯನದಲ್ಲಿ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳು ಕೆಡುವ ಸ್ಥಿತಿ) ರೋಗಿಗಳ ಶುಗರ್ ಅಪಾಯದ ಮಟ್ಟಕ್ಕೆ ಕುಸಿಯುತ್ತಿದ್ದುದರಿಂದ ಬಿಗಿ ನಿಯಂತ್ರಣವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಕೊನೆಗೆ 2009ರ ನೈಸ್-ಶುಗರ್ ಅಧ್ಯಯನ, 6,104 ರೋಗಿಗಳು. 81–108ರ ಗುರಿಯಿಟ್ಟ ಗುಂಪಿನಲ್ಲಿ 90 ದಿನಗಳಲ್ಲಿ 27.5% ರೋಗಿಗಳು ತೀರಿಕೊಂಡರು. 180 ಅಥವಾ ಅದಕ್ಕಿಂತ ಕಡಿಮೆ ಸಾಕು ಎಂದಿದ್ದ ಗುಂಪಿನಲ್ಲಿ 24.9%. ಶುಗರ್ 40ಕ್ಕೆ ಅಥವಾ ಅದಕ್ಕೂ ಕೆಳಗೆ ಬಿದ್ದವರು ಮೊದಲ ಗುಂಪಿನಲ್ಲಿ 6.8%, ಎರಡನೆಯದರಲ್ಲಿ 0.5%.

ಒಂದೇ ಚಿಕಿತ್ಸೆ ಒಂದು ಕಡೆ ಜೀವ ಉಳಿಸಿ ಇನ್ನೊಂದು ಕಡೆ ತೆಗೆಯಿತೇ? ಲುವೆನ್‌ನ ರೋಗಿಗಳಿಗೆ ಸೇರಿದ ದಿನದಿಂದಲೇ ರಕ್ತನಾಳದ ಮೂಲಕ ದಿನಕ್ಕೆ 200ರಿಂದ 300 ಗ್ರಾಂ ಗ್ಲೂಕೋಸ್ ಹೋಗುತ್ತಿತ್ತು. ಒಳಗೆ ಅಷ್ಟು ಸಕ್ಕರೆ ಸುರಿಯುತ್ತಿದ್ದಾಗ ಅಷ್ಟು ಇನ್ಸುಲಿನ್ ಕೊಟ್ಟರೂ ತಾಳಿಕೊಂಡಿತು, ಪ್ರಾಯಶಃ ಬೇಕೂ ಆಗಿತ್ತು. ಅಳತೆಗೆ ಅಪಧಮನಿಯ ರಕ್ತ, ನಿಖರ ಯಂತ್ರ. ಬೇರೆ ಕಡೆ ಇವೆರಡೂ ಹಾಗಿರಲಿಲ್ಲ. ಈ ಓದು ಸರಿ ಎನ್ನುವುದಕ್ಕೆ 2023ರಲ್ಲಿ ಬೆಲ್ಜಿಯಂನಿಂದಲೇ ಬಂದ ಇನ್ನೊಂದು ಅಧ್ಯಯನ ಬೆಂಬಲ ಕೊಡುತ್ತದೆ: 9,230 ರೋಗಿಗಳು, ಮೊದಲ ದಿನಗಳಲ್ಲಿ ರಕ್ತನಾಳದ ಪೋಷಣೆ ಇಲ್ಲ, ಕಂಪ್ಯೂಟರ್ ಲೆಕ್ಕದ ಇನ್ಸುಲಿನ್. ಶುಗರ್ ಕುಸಿತ ಎರಡೂ ಗುಂಪಿನಲ್ಲಿ ತೀರ ಕಡಿಮೆ, ಆದರೆ ಬಿಗಿ ನಿಯಂತ್ರಣದಿಂದ ಐಸಿಯು ವಾಸವೂ ಕಡಿಮೆಯಾಗಲಿಲ್ಲ, ಸಾವೂ ಕಡಿಮೆಯಾಗಲಿಲ್ಲ.

ಹೀಗಾಗಿ ಇವತ್ತಿನ ನಿಲುವು ಇದು: ಶುಗರ್ ಎರಡು ಸಲ 180 ಅಥವಾ ಹೆಚ್ಚು ಬಂದರೆ ಇನ್ಸುಲಿನ್ ಶುರು, ಶುರುವಾದ ಮೇಲೆ 140ರಿಂದ 180ರೊಳಗೆ ಇಡುವುದು. ಹೃದಯ ಶಸ್ತ್ರಚಿಕಿತ್ಸೆಯಾದ ಕೆಲವರಲ್ಲಿ, ಕುಸಿತವಿಲ್ಲದೆ ಸಾಧ್ಯವಾದರೆ, 110–140ರ ಗುರಿ ಇಡುವವರಿದ್ದಾರೆ. 110ಕ್ಕಿಂತ ಕೆಳಗೆ ತರುವ ಗುರಿ ಯಾರಿಗೂ ಬೇಡ.

ವರ್ಷಗಟ್ಟಲೆ 220ಕ್ಕೆ ಒಗ್ಗಿದ ದೇಹ

ಇಲ್ಲಿ ಮಧುಮೇಹಿಯ ವಿಷಯ ಬೇರೆಯಾಗುತ್ತದೆ. ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರನ್ನು ಹೇಳುತ್ತದೆ. ಅದನ್ನು 28.7ರಿಂದ ಗುಣಿಸಿ 46.7 ಕಳೆದರೆ ಸರಾಸರಿ ಸಿಗುತ್ತದೆ. 9 ಇದ್ದವರಿಗೆ ಅದು ಸುಮಾರು 212, 5.6 ಇದ್ದವರಿಗೆ 114. ಇಬ್ಬರೂ ಒಂದೇ ದಿನ ಸೆಪ್ಸಿಸ್‌ನಿಂದ ಐಸಿಯುಗೆ ಬಂದು, ಇಬ್ಬರ ಶುಗರೂ 220 ಇತ್ತು ಅಂದುಕೊಳ್ಳಿ. ಮೊದಲನೆಯವರ ದೇಹ ತನ್ನ ರೂಢಿಯ ಮಟ್ಟದಲ್ಲೇ ಇದೆ. ಎರಡನೆಯವರ ಶುಗರ್ ಅವರ ರೂಢಿಯ ಸುಮಾರು ಎರಡರಷ್ಟು ಏರಿದೆ. ಕಾಯಿಲೆಯ ಹೊಡೆತ ಅವರಿಗೆ ಜೋರಾಗಿದೆ ಎಂಬುದರ ಗುರುತು ಅದು. ಐಸಿಯುನಲ್ಲಿ ಒಂದೇ ಮಟ್ಟದ ಅಧಿಕ ಶುಗರ್ ಇದ್ದಾಗ ಮಧುಮೇಹ ಇಲ್ಲದವರ ಗತಿಯೇ ಹೆಚ್ಚು ಕೆಟ್ಟದಾಗಿರುವುದನ್ನು ಹಲವು ಅಧ್ಯಯನಗಳು ಕಂಡಿವೆ.

ಇದರಿಂದ ಬರುವ ಪಾಠ ಕೆಳಗಿನ ಗೆರೆಯ ಬಗ್ಗೆ. 220ಕ್ಕೆ ಒಗ್ಗಿದವರಲ್ಲಿ 100 ಕೂಡ ದೇಹಕ್ಕೆ ಕುಸಿತದಂತೆ ಅನ್ನಿಸಬಹುದು. ಎದೆಬಡಿತ, ಬೆವರು, ಒತ್ತಡದ ಹಾರ್ಮೋನುಗಳ ಏರಿಕೆ ಇತರರಿಗಿಂತ ಮೇಲಿನ ಅಂಕಿಯಲ್ಲೇ ಶುರುವಾಗುತ್ತವೆ. ಹಾಗಾದರೆ ಇವರಿಗೆ ಗುರಿಯನ್ನೇ ಮೇಲಕ್ಕೆ, 180–252ಕ್ಕೆ ಸರಿಸಿದರೆ? ಟೈಪ್ 2 ಮಧುಮೇಹದ ಐಸಿಯು ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದ ಲೂಸಿಡ್ ಅಧ್ಯಯನದಲ್ಲಿ ಶುಗರ್ ಕುಸಿತ 18%ರಿಂದ 5%ಕ್ಕೆ ಇಳಿಯಿತು. ಆದರೆ 90 ದಿನಗಳ ಸಾವು ಸಡಿಲ ಗುಂಪಿನಲ್ಲಿ 29.5%, ಮಾಮೂಲಿ ಗುಂಪಿನಲ್ಲಿ 24.8%. ಈ ಅಂತರ ಆಕಸ್ಮಿಕವೂ ಇರಬಹುದು, ಆದರೆ ಗುರಿಯನ್ನು ಅಷ್ಟು ಸಡಿಲಿಸಲು ಧೈರ್ಯ ಕೊಡುವ ಅಂಕಿ ಅದಲ್ಲ. ನಮ್ಮ ಅಭಿಪ್ರಾಯ: ಎಚ್‌ಬಿಎ1ಸಿ ಹೆಚ್ಚಿರುವವರಲ್ಲಿ ಗುರಿ 140–180ರ ಮೇಲಂಚಿಗೆ ವಾಲಿರಲಿ, 190ರ ಒಂದು ಅಂಕಿಗೆ ಯಾರೂ ಗಾಬರಿಯಾಗದಿರಲಿ, ಆದರೆ 250 ದಾಟಿ ನಿಲ್ಲಲು ಬಿಡಬಾರದು.

ಸೇರಿದ ಮೊದಲ ರಕ್ತದ ಸ್ಯಾಂಪಲ್‌ನಲ್ಲೇ ಎಚ್‌ಬಿಎ1ಸಿಗೆ ಕಳಿಸಬೇಕು. ಎರಡು ಬಾಟಲಿ ರಕ್ತ ಕೊಟ್ಟ ಮೇಲೆ ಮಾಡಿಸಿದರೆ ದಾನಿಯ ರಕ್ತ ಬೆರೆತು ಫಲಿತಾಂಶ ನಂಬುವಂತಿರುವುದಿಲ್ಲ. ಮನೆಯವರು ತರಬೇಕಾದದ್ದೂ ಆವತ್ತೇ: ಮಾತ್ರೆಗಳ ಪಟ್ಟಿ ಅಥವಾ ಖಾಲಿ ಸ್ಟ್ರಿಪ್‌ಗಳು, ಇನ್ಸುಲಿನ್ ಇದ್ದರೆ ಅದರ ಹೆಸರು ಮತ್ತು ಯೂನಿಟ್, ಕೊನೆಯ ಡೋಸ್ ಯಾವಾಗ ಆಯಿತು, ಹಳೆಯ ರಿಪೋರ್ಟ್.

ಚೀಲಕ್ಕೆ 100 ಯೂನಿಟ್

ಶಾಕ್‌ನಲ್ಲಿರುವ ರೋಗಿಗೆ ಚರ್ಮದಡಿಯ ಇನ್ಸುಲಿನ್ ಚುಚ್ಚುಮದ್ದು ಕೊಡುವುದಿಲ್ಲ. ಬಿಪಿ ಬಿದ್ದಾಗ ಚರ್ಮಕ್ಕೆ ರಕ್ತ ಹೋಗುವುದೇ ಕಡಿಮೆ, ಮೈ ಊದಿರುತ್ತದೆ. ಚುಚ್ಚಿದ 10 ಯೂನಿಟ್ ಈಗ ಹೀರಿಕೊಳ್ಳದೆ ನಾಳೆ ಬಿಪಿ ಸುಧಾರಿಸಿದಾಗ ಒಟ್ಟಿಗೆ ಒಳಗೆ ಇಳಿಯಬಹುದು. ರಕ್ತನಾಳದ ಮೂಲಕ ಕೊಟ್ಟ ರೆಗ್ಯುಲರ್ ಇನ್ಸುಲಿನ್ ರಕ್ತದಲ್ಲಿ 5–10 ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ. ನಿಲ್ಲಿಸಿದರೆ ಪರಿಣಾಮ ಬೇಗ ಮಾಯ. ಇದೇ ಅದರ ಸುರಕ್ಷತೆ.

ರೂಢಿಯ ಅಳತೆ: 0.9% ಸಲೈನ್‌ನ 100 ಮಿ.ಲೀ. ಚೀಲಕ್ಕೆ 100 ಯೂನಿಟ್ ರೆಗ್ಯುಲರ್ ಇನ್ಸುಲಿನ್. 1 ಮಿ.ಲೀ.ಗೆ 1 ಯೂನಿಟ್. ಪಂಪಿನ ಮೇಲೆ 3 ಎಂದಿದ್ದರೆ ಗಂಟೆಗೆ 3 ಯೂನಿಟ್, ಲೆಕ್ಕ ಹಾಕಬೇಕಾದ್ದಿಲ್ಲ. ಅಪಾಯ ಇರುವುದು ಬಾಟಲಿಯಲ್ಲಿ. ಇನ್ಸುಲಿನ್ ಕೆಲವೆಡೆ ಮಿ.ಲೀ.ಗೆ 40 ಯೂನಿಟ್‌ನ ಬಾಟಲಿಯಲ್ಲೂ, ಕೆಲವೆಡೆ 100 ಯೂನಿಟ್‌ನದರಲ್ಲೂ ಬರುತ್ತದೆ. 40ರ ಬಾಟಲಿಯಾದರೆ 100 ಯೂನಿಟ್‌ಗೆ 2.5 ಮಿ.ಲೀ. ಎಳೆಯಬೇಕು, 100ರದಾದರೆ 1 ಮಿ.ಲೀ. ಕೈರೂಢಿಯಿಂದ 100ರ ಬಾಟಲಿಯಲ್ಲಿ 2.5 ಮಿ.ಲೀ. ಎಳೆದರೆ ಚೀಲದಲ್ಲಿ 250 ಯೂನಿಟ್. ಪಂಪ್ 3 ತೋರಿಸುತ್ತಿದ್ದರೂ ರೋಗಿಗೆ ಹೋಗುವುದು 7.5. ಆದ್ದರಿಂದ ಬಾಟಲಿಗೆ ಹೊಂದುವ ಇನ್ಸುಲಿನ್ ಸಿರಿಂಜನ್ನೇ ಬಳಸಬೇಕು, ಇಬ್ಬರು ನರ್ಸ್‌ಗಳು ಬಾಟಲಿ ನೋಡಿ ಗಟ್ಟಿಯಾಗಿ ಓದಿ ಸಹಿ ಹಾಕಬೇಕು.

ಇನ್ಸುಲಿನ್ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತದೆ. ಹೊಸ ಟ್ಯೂಬ್ ಹಾಕಿದಾಗ ಸುಮಾರು 20 ಮಿ.ಲೀ. ಹರಿಸಿ ಚೆಲ್ಲಿ, ಆಮೇಲೆ ರೋಗಿಗೆ ಜೋಡಿಸಬೇಕು. ಇದನ್ನು ಬಿಟ್ಟರೆ ಮೊದಲ ಕೆಲವು ಗಂಟೆ ಇನ್ಸುಲಿನ್ ಟ್ಯೂಬಿನ ಗೋಡೆಗೇ ಹೋಗುತ್ತದೆ, ಶುಗರ್ ಇಳಿಯುತ್ತಿಲ್ಲ ಎಂದು ವೇಗ ಏರಿಸುತ್ತಾರೆ, ಗೋಡೆ ತುಂಬಿದ ಮೇಲೆ ಆ ಏರಿಸಿದ ವೇಗ ಪೂರ್ತಿ ರಕ್ತಕ್ಕೆ ಬರುತ್ತದೆ. ಇನ್ನೊಂದು ಮಾತು: ಇನ್ಸುಲಿನ್ ಹೋಗುವ ಲೈನ್‌ನಲ್ಲಿ ಬೇರೆ ಔಷಧವನ್ನು ಸಿರಿಂಜಿನಿಂದ ತಳ್ಳಬಾರದು. ಲೈನ್‌ನೊಳಗೆ ನಿಂತಿದ್ದ ಇನ್ಸುಲಿನ್ ಒಮ್ಮೆಗೇ ಒಳಗೆ ಹೋಗುತ್ತದೆ.

ಶುರುವಿನ ವೇಗಕ್ಕೆ ಹಲವು ಪ್ರೋಟೋಕಾಲ್‌ಗಳು ಶುಗರನ್ನು 100ರಿಂದ ಭಾಗಿಸುತ್ತವೆ: 260 ಇದ್ದರೆ ಗಂಟೆಗೆ 2.6, ಅಂದರೆ 2.5 ಯೂನಿಟ್. ಆಮೇಲಿನ ಜಾಣತನ ಅಂಕಿಗಿಂತ ಅಂಕಿ ಬದಲಾಗುತ್ತಿರುವ ವೇಗ ನೋಡುವುದರಲ್ಲಿದೆ. 10 ಗಂಟೆಗೆ 260, 11ಕ್ಕೆ 190. ಅಂಕಿಯೊಂದನ್ನೇ ನೋಡಿದವರು, ಇನ್ನೂ 180ರ ಮೇಲಿದೆ, ವೇಗ ಹೆಚ್ಚಿಸೋಣ ಅನ್ನುತ್ತಾರೆ. ಆದರೆ ಗಂಟೆಗೆ 70 ಇಳಿಯುತ್ತಿದೆ. ಹೀಗೇ ಬಿಟ್ಟರೆ 12ಕ್ಕೆ 120, ಒಂದಕ್ಕೆ 50. ಈಗ ವೇಗ ತಗ್ಗಿಸಬೇಕು. ಅದೇ 190 ಮೂರು ಗಂಟೆಯಿಂದ ಅಲುಗದೆ ನಿಂತಿದ್ದರೆ ಅರ್ಧ ಯೂನಿಟ್ ಏರಿಸಬೇಕು. ಒಂದೇ ಅಂಕಿಗೆ ಎರಡು ವಿರುದ್ಧ ಉತ್ತರ. ಶುಗರ್ ಇಷ್ಟಿದ್ದರೆ ಇಷ್ಟು ಯೂನಿಟ್ ಎಂಬ ಸ್ಲೈಡಿಂಗ್ ಸ್ಕೇಲ್ ಒಂದನ್ನೇ ನಂಬಬಾರದು ಎನ್ನುವುದು ಇದಕ್ಕೇ: ಅದಕ್ಕೆ ಹಿಂದಿನ ಗಂಟೆಯ ನೆನಪಿಲ್ಲ.

ಶುಗರ್ ಗುರಿಯೊಳಗೆ ನಿಲ್ಲುವ ತನಕ ಗಂಟೆಗೊಮ್ಮೆ ಪರೀಕ್ಷೆ, ಆಮೇಲೆ ಎರಡು ಗಂಟೆಗೊಮ್ಮೆ. ಫೀಡ್ (ನಳಿಕೆಯಲ್ಲಿ ಹೋಗುವ ದ್ರವಾಹಾರ), ಸ್ಟೀರಾಯ್ಡ್, ಬಿಪಿ ಎತ್ತುವ ಔಷಧ, ಡಯಾಲಿಸಿಸ್ ಇವುಗಳಲ್ಲಿ ಒಂದು ಬದಲಾದರೂ ಮತ್ತೆ ಗಂಟೆಗೊಮ್ಮೆ. ಜೊತೆಗೆ ಪೊಟ್ಯಾಸಿಯಂ: ಇನ್ಸುಲಿನ್ ಅದನ್ನು ಜೀವಕೋಶದೊಳಗೆ ತಳ್ಳುತ್ತದೆ, ರಕ್ತದಲ್ಲಿ ಕಡಿಮೆಯಾದರೆ ಹೃದಯದ ಲಯ ತಪ್ಪುತ್ತದೆ. 4–6 ಗಂಟೆಗೊಮ್ಮೆ ನೋಡಿಕೊಳ್ಳಬೇಕು.

ಒಂದು ಹನಿ ಸುಳ್ಳು

ಮನೆಯ ಗ್ಲೂಕೋಮೀಟರ್ ಆರೋಗ್ಯವಾಗಿ ಓಡಾಡುವವರಿಗಾಗಿ ಮಾಡಿದ್ದು. ಕೈ ತಣ್ಣಗಾಗಿ, ಬೆರಳು ಊದಿ, ಬಿಪಿ ಔಷಧದಿಂದ ರಕ್ತನಾಳ ಬಿಗಿದಿರುವಾಗ ಬೆರಳ ತುದಿಯ ರಕ್ತ ದೇಹದ ಒಳಗಿನ ಶುಗರನ್ನು ಹೇಳುವುದಿಲ್ಲ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಮೀಟರ್ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ದೊಡ್ಡ ಪ್ರಮಾಣದ ವಿಟಮಿನ್ ಸಿ ಕೊಟ್ಟರೂ ಹಲವು ಮೀಟರ್‌ಗಳಲ್ಲಿ ಹಾಗೆಯೇ. ಸುಳ್ಳು ಏರಿಕೆ ಸುಳ್ಳು ಇಳಿಕೆಗಿಂತ ಅಪಾಯಕಾರಿ, ಏಕೆಂದರೆ ಅದನ್ನು ನಂಬಿ ಇನ್ಸುಲಿನ್ ಹೆಚ್ಚಿಸುತ್ತಾರೆ. ಶಾಕ್‌ನಲ್ಲಿರುವವರಿಗೆ ಅಪಧಮನಿ ಲೈನ್‌ನಿಂದ ರಕ್ತ ತೆಗೆದು ಬ್ಲಡ್ ಗ್ಯಾಸ್ ಯಂತ್ರದಲ್ಲಿ ನೋಡುವುದೇ ಸರಿ.

ಅಲ್ಲೂ ಒಂದು ಬಲೆಯಿದೆ. 5% ಡೆಕ್ಸ್‌ಟ್ರೋಸ್ ಅಂದರೆ ಪ್ರತಿ ಡೆಸಿಲೀಟರ್‌ಗೆ 5,000 ಮಿಲಿಗ್ರಾಂ. ಅದರ ಒಂದು ಹನಿ, 0.05 ಮಿ.ಲೀ., ಒಂದು ಮಿ.ಲೀ. ಸ್ಯಾಂಪಲ್‌ನೊಳಗೆ ಸೇರಿದರೆ ನಿಜವಾದ 150 ಯಂತ್ರದಲ್ಲಿ 390ರ ಹತ್ತಿರ ಬರುತ್ತದೆ. ಅದಕ್ಕೇ ಡ್ರಿಪ್ ಹೋಗುತ್ತಿರುವ ಕೈಯಿಂದ ರಕ್ತ ತೆಗೆಯಬಾರದು, ಲೈನ್‌ನಿಂದ ತೆಗೆಯುವಾಗ ಒಳಗೆ ನಿಂತಿದ್ದ ದ್ರವವನ್ನು ಮೊದಲು ಎಳೆದು ತೆಗೆಯಬೇಕು, ಅಪಧಮನಿ ಲೈನ್ ತೊಳೆಯುವ ಚೀಲ ಸಲೈನೇ ಹೌದೋ ಎಂದು ಪ್ರತಿ ಪಾಳಿಯಲ್ಲೂ ಲೇಬಲ್ ಓದಬೇಕು. ಎರಡೂ ಚೀಲಗಳು ನೋಡಲು ಒಂದೇ ಥರ. ಒತ್ತಡದ ಕವಚದೊಳಗೆ ಸೇರಿದ ಮೇಲಂತೂ ಅಕ್ಷರ ಕಾಣಿಸುವುದೇ ಇಲ್ಲ. ಅಂಕಿ ಇದ್ದಕ್ಕಿದ್ದಂತೆ ಹಾರಿದರೆ ಇನ್ಸುಲಿನ್ ಏರಿಸುವ ಮೊದಲು ಇನ್ನೊಂದು ಜಾಗದಿಂದ ರಕ್ತ ತೆಗೆದು ನೋಡಬೇಕು.

ಫೀಡ್ ನಿಂತ ಗಂಟೆ

ಮೂಗಿನ ನಳಿಕೆಯಲ್ಲಿ ಗಂಟೆಗೆ 60 ಮಿ.ಲೀ. ಫೀಡ್ ಹೋಗುತ್ತಿದೆ. ಮಿ.ಲೀ.ಗೆ 1 ಕ್ಯಾಲೊರಿ, ಅದರ ಅರ್ಧ ಕಾರ್ಬೋಹೈಡ್ರೇಟ್ ಎಂದರೆ ಗಂಟೆಗೆ ಸುಮಾರು 7.5 ಗ್ರಾಂ, ದಿನಕ್ಕೆ 180 ಗ್ರಾಂ. ಅದಕ್ಕೆ ತಕ್ಕಂತೆ ಇನ್ಸುಲಿನ್ ಗಂಟೆಗೆ 4 ಯೂನಿಟ್‌ನಲ್ಲಿ ಹದಕ್ಕೆ ಬಂದಿದೆ, ಶುಗರ್ 155. 11 ಗಂಟೆಗೆ ಸಿಟಿ ಸ್ಕ್ಯಾನ್‌ಗೆ ಕರೆ ಬರುತ್ತದೆ. ಫೀಡ್ ನಿಲ್ಲಿಸಿ, ನಳಿಕೆ ಮುಚ್ಚಿ, ವೆಂಟಿಲೇಟರ್, ಆಕ್ಸಿಜನ್ ಸಿಲಿಂಡರ್, ಬಿಪಿ ಔಷಧದ ಪಂಪ್‌ಗಳೊಂದಿಗೆ ಮಂಚ ಹೊರಡುತ್ತದೆ. ಇನ್ಸುಲಿನ್ ಪಂಪೂ ಜೊತೆಗೇ ಹೊರಟಿದೆ, 4 ತೋರಿಸುತ್ತಾ. ಸ್ಕ್ಯಾನ್ ಬಾಗಿಲಲ್ಲಿ 20 ನಿಮಿಷ ಕಾಯುವುದಾಗುತ್ತದೆ. 12 ಗಂಟೆಯ ಪರೀಕ್ಷೆ ತಪ್ಪಿಹೋಗುತ್ತದೆ. 12:30ಕ್ಕೆ ವಾಪಸ್ ಬಂದು ನೋಡಿದರೆ 48.

ಐಸಿಯುನಲ್ಲಿ ಶುಗರ್ ಕುಸಿತದ ಹೆಚ್ಚಿನ ಕಥೆಗಳು ಇದೇ ಅಚ್ಚಿನವು. ಯಾರೂ ಇನ್ಸುಲಿನ್ ಹೆಚ್ಚು ಕೊಟ್ಟಿರುವುದಿಲ್ಲ. ಒಳಬರುವ ಸಕ್ಕರೆ ನಿಂತಿದೆ, ಇನ್ಸುಲಿನ್ ನಿಂತಿಲ್ಲ. ವಾಂತಿಯಾಗಿ ಫೀಡ್ ತಡೆಹಿಡಿದಾಗ, ನಳಿಕೆ ಜಾರಿ ಹೊರಬಂದಾಗ, ವೆಂಟಿಲೇಟರ್‌ನಿಂದ ಬಿಡಿಸುವ ಮುನ್ನ ಹೊಟ್ಟೆ ಖಾಲಿ ಇಡುವಾಗ, ರಕ್ತನಾಳದ ಪೋಷಣೆಯ ಚೀಲ ಮುಗಿದು ಹೊಸದು ಬರುವುದು ತಡವಾದಾಗ, ಎಲ್ಲದರಲ್ಲೂ ಇದೇ. ಆದೇಶದ ಹಾಳೆಯಲ್ಲಿ ಮೊದಲೇ ಬರೆದಿರಬೇಕಾದ ಸಾಲು ಒಂದು: ಫೀಡ್ ನಿಂತ ಕೂಡಲೇ 10% ಡೆಕ್ಸ್‌ಟ್ರೋಸನ್ನು ಅದೇ ವೇಗದಲ್ಲಿ ಹಚ್ಚಿ. ಮೇಲಿನ ಉದಾಹರಣೆಯಲ್ಲಿ ಗಂಟೆಗೆ 60 ಮಿ.ಲೀ. ಅಂದರೆ 6 ಗ್ರಾಂ, ನಿಂತುಹೋದ 7.5 ಗ್ರಾಂಗೆ ಹತ್ತಿರ. ಇನ್ಸುಲಿನ್ ತಗ್ಗಿಸಿ ಅರ್ಧ ಗಂಟೆಗೊಮ್ಮೆ ನೋಡಿಕೊಳ್ಳಬೇಕು. ಅಲ್ಪಕಾಲದ ಸ್ಕ್ಯಾನ್‌ಗಾದರೆ, ಟೈಪ್ 1 (ದೇಹವೇ ಇನ್ಸುಲಿನ್ ತಯಾರಿಸದ ಮಧುಮೇಹ) ಅಲ್ಲದವರಲ್ಲಿ, ಇನ್ಸುಲಿನ್ ಪಂಪನ್ನೇ ನಿಲ್ಲಿಸಿ ಹೋಗುವುದೂ ಸರಿ. ಬರೆದಿಟ್ಟ ಸಾಲು ಇಲ್ಲದಿದ್ದರೆ, ಅಷ್ಟು ಗಡಿಬಿಡಿಯಲ್ಲಿ ಎಂಥ ಅನುಭವಿ ನರ್ಸ್‌ಗೂ ಇದು ಮರೆತುಹೋಗುತ್ತದೆ. ತಪ್ಪು ಅವರದಲ್ಲ, ವ್ಯವಸ್ಥೆಯದು.

ಇನ್ಸುಲಿನ್ ಬೇಡಿಕೆ ತಾನಾಗಿ ಇಳಿಯುವ ಸಂದರ್ಭಗಳೂ ಇವೆ. ಕಿಡ್ನಿ ಕೆಟ್ಟಾಗ ಇನ್ಸುಲಿನ್ ದೇಹದಿಂದ ಹೋಗುವುದು ನಿಧಾನ, ನಿನ್ನೆಯ 3 ಯೂನಿಟ್ ಇವತ್ತು ಹೆಚ್ಚಾಗುತ್ತದೆ. ಲಿವರ್ ಸೋತರೆ ಗ್ಲೂಕೋಸ್ ತಯಾರಿಕೆಯೇ ನಿಲ್ಲುತ್ತದೆ. ಸ್ಟೀರಾಯ್ಡ್ ಇಳಿಸಿದ ದಿನ, ಬಿಪಿ ಔಷಧ ಬಿಡಿಸಿದ ದಿನ, ಎರಡೂ ಒಳ್ಳೆಯ ಸುದ್ದಿಯ ದಿನಗಳೇ, ಶುಗರ್ ಕುಸಿಯುವ ದಿನಗಳೂ ಹೌದು.

ಕುಸಿದಾಗ

ಎಚ್ಚರವಿರುವ ಮಧುಮೇಹಿ ಬೆವರುತ್ತಾರೆ, ನಡುಗುತ್ತಾರೆ, ಹಸಿವೆನ್ನುತ್ತಾರೆ. ನಿದ್ರೆಯ ಔಷಧದಲ್ಲಿ ವೆಂಟಿಲೇಟರ್ ಮೇಲಿರುವವರು ಏನೂ ಹೇಳಲಾರರು. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ಎದೆಬಡಿತವೂ ಏರುವುದಿಲ್ಲ. ಮಿದುಳಿಗೆ ಗ್ಲೂಕೋಸ್ ಸಿಗದೆ ಫಿಟ್ಸ್ ಬಂದಾಗ ಗೊತ್ತಾದರೆ ತಡವಾಯಿತು. ಇಲ್ಲಿ ಲಕ್ಷಣ ಎಂಬುದಿಲ್ಲ, ಅಳತೆಯೊಂದೇ.

70ಕ್ಕಿಂತ ಕಡಿಮೆಯಾದರೆ ಇನ್ಸುಲಿನ್ ನಿಲ್ಲಿಸಿ, 10ರಿಂದ 20 ಗ್ರಾಂ ಗ್ಲೂಕೋಸ್ ರಕ್ತನಾಳಕ್ಕೆ: 50% ಡೆಕ್ಸ್‌ಟ್ರೋಸ್ ಆದರೆ 20–40 ಮಿ.ಲೀ., 10% ಆದರೆ 100–200 ಮಿ.ಲೀ. ಕೈಯ ಸಣ್ಣ ರಕ್ತನಾಳವೊಂದೇ ಇದ್ದರೆ 10% ಒಳ್ಳೆಯದು. 50% ದ್ರವ ಗಟ್ಟಿ, ಹೊರಗೆ ಸೋರಿದರೆ ಚರ್ಮ ಸಾಯುತ್ತದೆ. 15 ನಿಮಿಷಕ್ಕೆ ಮತ್ತೆ ಪರೀಕ್ಷೆ, 70 ದಾಟುವ ತನಕ ಪುನರಾವರ್ತನೆ. 66 ಬಂದದ್ದಕ್ಕೆ ಹೆದರಿ 50% ದ್ರವವನ್ನು 50 ಮಿ.ಲೀ. ಪೂರ್ತಿ ತಳ್ಳಿದರೆ ಶುಗರ್ 200 ಮೀರಬಹುದು, ಅದನ್ನಿಳಿಸಲು ಮತ್ತೆ ಜೋರು ಇನ್ಸುಲಿನ್, ಮತ್ತೆ ಕುಸಿತ. ಈ ಉಯ್ಯಾಲೆಯೇ ಒಂದು ಹಾನಿ. ಸರಾಸರಿ ಒಂದೇ ಇದ್ದರೂ ಏರಿಳಿತ ಹೆಚ್ಚಿದ್ದವರಲ್ಲಿ ಸಾವು ಹೆಚ್ಚಿರುವುದು ಕಂಡಿದೆ. ಇನ್ಸುಲಿನ್ ಮತ್ತೆ ಬೇಕಾದಾಗ ಹಿಂದಿನ ಅರ್ಧ ವೇಗದಿಂದ ಶುರುಮಾಡುತ್ತಾರೆ. ಕುಸಿದದ್ದು ಏಕೆಂದು ಹುಡುಕದೆ ಮುಂದೆ ಹೋಗಬಾರದು.

ಶುಗರ್ ಸರಿಯಿದ್ದೂ ಕೀಟೋನ್

ಮಧುಮೇಹಿಯ ಕೀಟೋಆಸಿಡೋಸಿಸ್‌ಗೆ (ಇನ್ಸುಲಿನ್ ಸಾಲದೆ ಕೊಬ್ಬು ಕರಗಿ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ತುಂಬಿಕೊಳ್ಳುವ ಸ್ಥಿತಿ) ಈ 140–180ರ ನಿಯಮ ಹಾಗೇ ಹೊಂದುವುದಿಲ್ಲ. ಅಲ್ಲಿ ಶತ್ರು ರಕ್ತದ ಆಮ್ಲ. ಮೊದಲು ದ್ರವ, ಪೊಟ್ಯಾಸಿಯಂ 3.5ಕ್ಕಿಂತ ಕಡಿಮೆಯಿದ್ದರೆ ಅದನ್ನು ಸರಿಪಡಿಸಿದ ಮೇಲೆಯೇ ಇನ್ಸುಲಿನ್, ವೇಗ ಗಂಟೆಗೆ ಪ್ರತಿ ಕಿಲೋಗೆ 0.1 ಯೂನಿಟ್, 70 ಕಿಲೋ ಇದ್ದರೆ 7. ಶುಗರ್ 250ಕ್ಕಿಂತ ಕೆಳಗಿಳಿದಾಗ ಹಲವರು ಇನ್ಸುಲಿನ್ ನಿಲ್ಲಿಸುವ ತಪ್ಪು ಮಾಡುತ್ತಾರೆ. ನಿಲ್ಲಿಸಬಾರದು, 5 ಅಥವಾ 10% ಡೆಕ್ಸ್‌ಟ್ರೋಸ್ ಜೊತೆಗೆ ಹಚ್ಚಿ, ಇನ್ಸುಲಿನ್ ಅರ್ಧಕ್ಕಿಳಿಸಿ, ಕೀಟೋನ್ ಇಳಿದು ರಕ್ತದ ಪಿಎಚ್ 7.3ಕ್ಕೆ ಬರುವವರೆಗೆ ಮುಂದುವರಿಸಬೇಕು.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಇದು ಇನ್ನೂ ವಂಚಕ. ಈ ಮಾತ್ರೆ ಗ್ಲೂಕೋಸನ್ನು ಮೂತ್ರಕ್ಕೆ ಸಾಗಿಸುತ್ತಲೇ ಇರುವುದರಿಂದ ಶುಗರ್ 160 ಇದ್ದೂ ಕೀಟೋಆಸಿಡೋಸಿಸ್ ಇರಬಹುದು. ಉಸಿರಾಟ ಆಳ, ರಕ್ತ ಆಮ್ಲೀಯ, ಲ್ಯಾಕ್ಟೇಟ್‌ನಿಂದ ಅದನ್ನು ವಿವರಿಸಲಾಗುತ್ತಿಲ್ಲ ಎಂದರೆ ರಕ್ತದ ಕೀಟೋನ್ ನೋಡಲೇಬೇಕು. ಮಾತ್ರೆ ನಿಲ್ಲಿಸಿದರೂ ಪರಿಣಾಮ ಕೆಲವು ದಿನ ಉಳಿಯುತ್ತದೆ. ಯೋಜಿತ ಆಪರೇಷನ್‌ಗೆ 3 ದಿನ ಮುಂಚೆಯೇ ಇವನ್ನು ನಿಲ್ಲಿಸುವುದು ಇದಕ್ಕಾಗಿ. ಮನೆಯವರು ತಂದ ಮಾತ್ರೆ ಸ್ಟ್ರಿಪ್ ಇಲ್ಲಿ ಜೀವ ಉಳಿಸಬಲ್ಲದು.

ಐಸಿಯುನಲ್ಲಿ ಉಳಿದ ಮಾತ್ರೆಗಳೂ ಬಂದ್. ಬಿಪಿ ಬಿದ್ದು ಕಿಡ್ನಿ ಸೋತಾಗ ಮೆಟ್‌ಫಾರ್ಮಿನ್ ದೇಹದಲ್ಲಿ ಶೇಖರವಾಗಿ ಲ್ಯಾಕ್ಟೇಟ್ ಏರಿಸಬಹುದು. ಗ್ಲಿಮೆಪಿರೈಡ್ ಊಟವಿಲ್ಲದವರ ಶುಗರನ್ನು ಗಂಟೆಗಟ್ಟಲೆ ಕೆಳಗೆ ಎಳೆಯುತ್ತದೆ. ಸೆಮಾಗ್ಲುಟೈಡ್‌ನಂಥವು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸಿ ಫೀಡ್ ಮೇಲೆ ಬರುವಂತೆ ಮಾಡುತ್ತವೆ.

ಡ್ರಿಪ್‌ನಿಂದ ಚುಚ್ಚುಮದ್ದಿಗೆ

ಬಿಪಿ ಔಷಧ ಬಿಟ್ಟಿದೆ, ಫೀಡ್ ನಿಂತಿಲ್ಲ, ಇನ್ಸುಲಿನ್ ವೇಗ ಆರು ಗಂಟೆಯಿಂದ ಒಂದೇ ಕಡೆ ಇದೆ. ಆಗ ಚರ್ಮದಡಿಯ ಇನ್ಸುಲಿನ್‌ಗೆ ಬದಲಾಯಿಸಬಹುದು. ಲೆಕ್ಕ ಸುಲಭ: ಕೊನೆಯ ಆರು ಗಂಟೆಯ ಸರಾಸರಿ ಗಂಟೆಗೆ 2 ಯೂನಿಟ್ ಆದರೆ ದಿನಕ್ಕೆ 48, ಅದರ 80% ಸುಮಾರು 38. ಅರ್ಧ, 19 ಯೂನಿಟ್, ಗ್ಲಾರ್ಜಿನ್‌ನಂಥ ದೀರ್ಘಾವಧಿ ಇನ್ಸುಲಿನ್. ಉಳಿದರ್ಧ ಫೀಡ್‌ಗೆ: ನಿರಂತರ ಫೀಡ್ ಆದರೆ ರೆಗ್ಯುಲರ್ ಇನ್ಸುಲಿನ್ 6 ಗಂಟೆಗೊಮ್ಮೆ 4–5 ಯೂನಿಟ್‌ನಂತೆ, ಫೀಡ್ ನಿಂತಿದ್ದರೆ ಆ ಡೋಸ್ ಬಿಡಬೇಕು. ಬಾಯಲ್ಲಿ ತಿನ್ನುವವರಾದರೆ ಮೂರು ಊಟಕ್ಕೆ ಹಂಚಿ, ತಟ್ಟೆಯಲ್ಲಿ ಅರ್ಧ ಬಿಡುವವರಿಗೆ ಅರ್ಧ ಡೋಸ್.

ಸಾಮಾನ್ಯ ತಪ್ಪು ಸಮಯದ್ದು. ಗ್ಲಾರ್ಜಿನ್ ಚುಚ್ಚಿದ ಕ್ಷಣದಲ್ಲೇ ಡ್ರಿಪ್ ನಿಲ್ಲಿಸಿ ವಾರ್ಡಿಗೆ ಕಳಿಸುತ್ತಾರೆ. ಡ್ರಿಪ್‌ನ ಇನ್ಸುಲಿನ್ ಒಂದು ಗಂಟೆಯೊಳಗೆ ಮುಗಿಯುತ್ತದೆ, ಗ್ಲಾರ್ಜಿನ್ ಕೆಲಸ ಹಿಡಿಯಲು ಗಂಟೆಗಳು ಬೇಕು, ನಡುವೆ ದೇಹದಲ್ಲಿ ಇನ್ಸುಲಿನ್ನೇ ಇಲ್ಲ. ಸಂಜೆಗೆ ವಾರ್ಡಿನಲ್ಲಿ 320. ಟೈಪ್ 1 ಆದರೆ ಕೀಟೋಆಸಿಡೋಸಿಸ್ ಮತ್ತೆ. ಗ್ಲಾರ್ಜಿನ್ ಕೊಟ್ಟು 2ರಿಂದ 4 ಗಂಟೆ ಡ್ರಿಪ್ ಮುಂದುವರಿಸಿ ಆಮೇಲೆ ನಿಲ್ಲಿಸಬೇಕು. ಟೈಪ್ 1 ರೋಗಿಯ ಹಾಳೆಯ ಮೇಲೆ, ಊಟವಿರಲಿ ಇಲ್ಲದಿರಲಿ ದೀರ್ಘಾವಧಿ ಇನ್ಸುಲಿನ್ ತಪ್ಪಿಸಬೇಡಿ ಎಂದು ದೊಡ್ಡಕ್ಷರದಲ್ಲಿ ಬರೆದಿರಬೇಕು.

ಈ 38 ಯೂನಿಟ್ ಕಾಯಿಲೆಯ ದಿನಗಳ ಲೆಕ್ಕ. ಸೋಂಕು ಇಳಿದಂತೆ, ಸ್ಟೀರಾಯ್ಡ್ ನಿಂತಂತೆ ಬೇಡಿಕೆ ದಿನದಿಂದ ದಿನಕ್ಕೆ ಕುಗ್ಗುತ್ತದೆ. ಅದೇ ಚೀಟಿ ಹಿಡಿದು ಮನೆಗೆ ಹೋದವರು ವಾರದೊಳಗೆ ಕುಸಿದು ವಾಪಸ್ ಬರಬಹುದು. ಬಿಡುಗಡೆಯ ದಿನದ ಡೋಸನ್ನು ಹಿಂದಿನ ಎರಡು ದಿನಗಳ ಶುಗರ್ ಮತ್ತು ಮೊದಲ ದಿನ ತೆಗೆದ ಎಚ್‌ಬಿಎ1ಸಿ ನೋಡಿ ಹೊಸದಾಗಿ ಬರೆಯಬೇಕು. ಮೆಟ್‌ಫಾರ್ಮಿನ್ ಮತ್ತೆ ಶುರುವಾಗುವುದು ಕಿಡ್ನಿ ಪರೀಕ್ಷೆ ಸರಿ ಬಂದ ಮೇಲೆ. ಡಾಪಾಗ್ಲಿಫ್ಲೋಜಿನ್ ಗುಂಪಿನದು ರೋಗಿ ಹೊಟ್ಟೆ ತುಂಬ ಉಂಡು ನೀರು ಕುಡಿಯುವಂತಾದ ಮೇಲೆ.